ಮಾವಶಿ ಮತ್ತು ಬ್ರೆಡ್ ಯಂತ್ರ

ಬ್ರೆಡ್ ಯಂತ್ರದ ಪ್ಲಗ್ ತೆಗೆದು, ಒಳಗೆ ಟಾರ್ಚು ಬಿಟ್ಟು, ಮೆತ್ತನೆಯ ಬ್ರಶ್ಶಿನಿಂದ ಮೂಲೆಗಳನ್ನು ಸವರುತ್ತ ಮಾವಶಿ ಇರುವೆಗಳಿಗೆ ಹೇಳುತ್ತಿದ್ದಳು: "ಬರ್ರೆವ್ವಾ, ಹೊರಗ ಬರ್ರಿ. ಇನ್ನ ಸುಡತೈತಿ." ಒಳಗೆ ಇರುವೆ ಇರಲಿ ಬಿಡಲಿ, ಆ ಕರೆ ತಪ್ಪುತ್ತಿರಲಿಲ್ಲ. ಒಲೆ ಹೊತ್ತಿಸುವ ಮೊದಲು ಜೀವ ನೋಡುವುದು ನಮ್ಮ ಜೈನರ ಮನೆಗಳ ರೂಢಿ. ಅವಳಿಗೆ ಯಂತ್ರವೂ ಒಲೆಯೇ.

ಮಾವಶಿ ನನ್ನ ಅವ್ವನ ತಂಗಿ. ನಮ್ಮೂರು ಆರಗದಿಂದ ಬಂದು ಮಿರಜದ ಅವಳ ಮನೆಯಲ್ಲಿದ್ದುಕೊಂಡು ನಾನು ಎಂ.ಎ. ಓದಿದೆ. ಸಾಂಗ್ಲಿ–ಮಿರಜ ರಸ್ತೆಯುದ್ದಕ್ಕೂ ಶೋರೂಮುಗಳು ಏಳುತ್ತಿದ್ದ ವರ್ಷಗಳು ಅವು. ಮಾವಶಿಯ ಗಂಡ, ನಮ್ಮ ಕಾಕಾ, ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರಿ. ವ್ಯಾಪಾರ ಬೆಳೆದಷ್ಟೂ ಅವರು ಮನೆಗೆ ಬರುವುದು ತಡವಾಯಿತು. ನೇಮದಂತೆ ಹೊತ್ತು ಮುಳುಗಿದ ಮೇಲೆ ಮಾವಶಿ ಉಣ್ಣುವವಳಲ್ಲ. ಗಂಡನಿಗಿಂತ ಮೊದಲೂ ಉಣ್ಣುವವಳಲ್ಲ. ಎಷ್ಟೋ ಸಂಜೆ "ಹಸಿವಿ ಇಲ್ಲ ಬಿಡ ತಂಗಿ" ಎಂದು ತಟ್ಟೆ ಬೋರಲು ಹಾಕುತ್ತಿದ್ದಳು. ಕಾಕಾ ಎದುರಿಗೆ ಕೂತು ಉಣ್ಣಬೇಕು, ಅಷ್ಟೇ ಅವಳ ಆಸೆ.

ಕಾಕಾರಿಗೆ ಚಹಾದ ಜೊತೆ ಬ್ರೆಡ್ ಬೇಕು. ತತ್ತಿ ಬಿದ್ದಿರಬಹುದೆಂಬ ಅನುಮಾನಕ್ಕೆ ಬೇಕರಿಯದು ಮನೆಯೊಳಗೆ ಬರುವಂತಿರಲಿಲ್ಲ. ಸ್ಟೇಷನ್ನಿನ ಬಳಿ ಅವರು ಕದ್ದು ತಿನ್ನುವುದನ್ನು ಅಂಗಿಯ ಮೇಲಿನ ಚೂರುಗಳೇ ಹೇಳುತ್ತಿದ್ದವು. ಹಾಗಾಗಿ ಮಾವಶಿ ಯಂತ್ರ ತರಿಸಿದಳು. ಈಸ್ಟಿನಲ್ಲಿ ಜೀವವಿದೆ ಎಂದು ತಿಳಿದು ಅದನ್ನು ಬಿಟ್ಟು, ಸೋಡಾ, ಮಜ್ಜಿಗೆ ಹಾಕಿ ಬೇಯಿಸಿದಳು.

ಕಾಕಾ ಮೊದಲ ಬ್ರೆಡ್ಡನ್ನು ಕೈಯಲ್ಲಿ ತೂಗಿ ನೋಡಿದರು. "ಇದನ್ನ ಮಾರ್ಕೆಟ್ಟಿಗೆ ಒಯ್ತೇನಿ. ತಕ್ಕಡಿಗೆ ಕಲ್ಲು ಕಡಿಮಿ ಬಿದ್ದಾವ."

"ಒಯ್ರಿ. ಕಲ್ಲು ಅಲ್ಲೇ ಇರಲಿ, ನೀವರೆ ಲಗೂನ ಬರ್ರಿ."

ಒಂದು ದಿನ ಕಾಕಾ ಫೋನ್ ಮಾಡಿ, ಬೇಗ ಬರುತ್ತೇನೆ, ಬ್ರೆಡ್ ಮಾಡಿಡು ಎಂದರು. ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ಎಲ್ಲ ಮೊದಲಿನಿಂದ. ಬ್ರೆಡ್ ಬೆಂದಾಗ ಬಿಸಿಲು ಗೋಡೆಯ ತುದಿಗೆ ಏರಿತ್ತು. ಹೊರಗೆ ಸ್ಕೂಟರ್ ನಿಂತ ಸದ್ದು.

"ಆರಲಿ, ಮಾವಶಿ," ಎಂದೆ.

"ಆರೂತನಾ ಸೂರ್ಯ ನಿಲ್ತಾನೇನ?"

ಪಾತ್ರೆ ತೊಳೆದು ಒದ್ದೆಯಾಗಿದ್ದ ಸೆರಗಿನಿಂದಲೇ ಅವಳು ಯಂತ್ರದೊಳಗಿನ ಡಬ್ಬಿಗೆ ಕೈ ಹಾಕಿದಳು. ಜೀವನವಿಡೀ ಒಲೆಯ ಮೇಲಿನ ಬೋಗುಣಿಗಳನ್ನು ಸೆರಗಿನಿಂದಲೇ ಇಳಿಸಿದವಳು. ಒದ್ದೆ ಬಟ್ಟೆಯ ನೀರು ಹಬೆಯಾಗಿ ಅಂಗೈ ಸುಟ್ಟಿತು. ಡಬ್ಬಿ ಬಿತ್ತು.

ಕಾಕಾ ಚಪ್ಪಲಿ ಸಮೇತ ಓಡಿ ಬಂದರು. "ಅಗ, ಕಾಯ್ ಕೇಲಂಸ ಹೇ! ಏನ ಮಾಡಿಕೊಂಡಿ ಇದು!" ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತರು.

"ಸಾಕ ಬಿಡ್ರಿ. ನೀವರೆ ತಿನ್ರಿ, ಕತ್ತಲಾಗ್ತೈತಿ."

"ನಾ ಒಬ್ಬಾಂವ ತಿನ್ನಾಂವಲ್ಲ."

ಕಿಟಕಿ ಕಪ್ಪಾಗುವವರೆಗೂ ಅವರು ಕೈ ಬಿಡಲಿಲ್ಲ. ಅಂದು ಇಬ್ಬರೂ ಉಪವಾಸ. ಮಾವಶಿಯ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಯಂತ್ರ ನೋಡಲು ಬಂದ ನೆರೆಯವರಿಗೆಲ್ಲ ಅವಳದೇ ಪಾಠ: "ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ. ಮದಲ ಪ್ಲಗ್ ತಗೀರಿ. ಡಬ್ಬಿ ಹಿಡ್ಯಾಕ ದಪ್ಪಾನ ಒಣಾ ಅರಿವಿ ಬೇಕ್ರಿ. ಅವಸರಾ ಅದಕ್ಕಿಲ್ಲ, ನಮಗ ಐತಿ." ಕಾಕಾ ಕೆಲವು ವಾರ ಬೇಗ ಬಂದರು. ಅರಿಶಿನದ ಸುಗ್ಗಿ ಬಂದ ಮೇಲೆ ಮತ್ತೆ ತಟ್ಟೆ ಬೋರಲಾಯಿತು. ನಾನು ಕೆಲಸ ಹಿಡಿದು ಪುಣೆಗೆ ಹೋದೆ.

ಕೊನೆಯ ಸಲ ಹೋದಾಗ ಮಾವಶಿ ಹಾಸಿಗೆ ಹಿಡಿದಿದ್ದಳು. ಚಮಚ ಗಂಜಿಯೂ ಇಳಿಯುತ್ತಿರಲಿಲ್ಲ. ವ್ಯಾಪಾರವನ್ನು ಪಾಲುದಾರರಿಗೆ ಬಿಟ್ಟು ಕಾಕಾ ದಿನವಿಡೀ ಮನೆಯಲ್ಲೇ ಇದ್ದರು. ಇನ್ನೂ ಬಿಸಿಲಿರುವಾಗಲೇ ಅವಳು ದಿಂಬಿಗೆ ಒರಗಿಸಿ ಕೂಡಿಸಲು ಹೇಳಿದಳು. ಕಾಕಾ ಎದುರಿಗೆ ಜೋಳದ ಭಕ್ಕರಿಯ ತಟ್ಟೆ ಇಟ್ಟುಕೊಂಡು ಕೂತರು. ಒಂದು ತುತ್ತು ಬಾಯಿಗಿಟ್ಟು, ತಲೆ ತಗ್ಗಿಸಿ, ಅಗಿಯದೆ ಹಾಗೇ ಉಳಿದರು.

"ನುಂಗ್ರಿ," ಎಂದಳು ಮಾವಶಿ.

ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.