ಮುಟ್ಟಿ ಎಬ್ಬಿಸುವ ಮನೆ

ಮೊಮ್ಮಗ ಬಿದ್ದದ್ದನ್ನು ನಾನು ಸೊಸೆಯ ಮೊಬೈಲಿನಲ್ಲಿ ನೋಡಿದೆ.

ಸಂಜೆ, ಇನ್ನೂ ಬೆಳಕಿತ್ತು. ಬಸ್ತಿಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ನಾನು, ಸೊಸೆ ಲತಾ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿದ್ದಳು. ಅದರೊಳಗೆ ಐರ್ಲೆಂಡಿನ ಹಸಿರು ಫುಟ್‌ಬಾಲ್ ಮೈದಾನ. ಅದರ ಎಡಗಡೆ ಅಂಚಿನಲ್ಲಿ ಓಡಾಡುವ ನನ್ನ ವಿನಯ.

ಅವನ ವಿಚಾರ ಎರಡು ಮಾತು ಹೇಳದೆ ನನಗೆ ಮುಂದಕ್ಕೆ ಹೋಗಲಾಗುವುದಿಲ್ಲ. ಮಗಳು ಸುಧಾ ನರ್ಸ್ ಕೆಲಸಕ್ಕೆ ಅಲ್ಲಿಗೆ ಹೋದವಳು, ಇವನು ಹುಟ್ಟಿದ್ದೇ ಅಲ್ಲಿ. ಕ್ವಾರ್ಟರ್ಸಿನ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು ಕಲಿತ. ಕ್ರಿಕೆಟ್ ಆಡು ಹೋಗು, ಅದೇ ನಿಮ್ಮವರ ಆಟ ಎಂದು ಶಾಲೆಯ ಹುಡುಗರು ನಗುತ್ತಿದ್ದರಂತೆ. ಇವನು ಹೋಗಲಿಲ್ಲ. ಮೊದಲು ಬೀದಿಯ ಕ್ಲಬ್ಬು, ಆಮೇಲೆ ದೊಡ್ಡ ಕ್ಲಬ್ಬಿನ ಹಾಸ್ಟೆಲ್ಲು, ಆಮೇಲೆ ಸಂಬಳ ತೆಗೆದುಕೊಳ್ಳುವ ಆಟಗಾರ. ಅವರ ಬಾಯಲ್ಲಿ ವಿನಯ ಹೋಗಿ ವಿನ್ನಿ ಆದ. ಇರಲಿ, ಅಷ್ಟು ಜನ ಎದ್ದು ನಿಂತು ಕೂಗುವಾಗ ಹೆಸರು ಯಾವುದಾದರೇನು. ಮೂರನೇ ಕ್ಲಾಸು ಓದಿದವಳು ನಾನು, ನನಗೆ ಆಫ್‌ಸೈಡ್ ಗೊತ್ತು. ಹಳೇಬೀಡಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಬೇಡವೆಂದರೂ ಹೇಳಿಕೊಡುತ್ತೇನೆ.

ಅವತ್ತು ಗೋಲಿನ ಹಿಂದೆ ಕೂತಿದ್ದ ಯಾರೋ ಪಟಾಕಿ ಹೊಡೆದರು. ಢಂ ಎಂದಿತು. ಚೆಂಡು ಎಲ್ಲೋ ದೂರದಲ್ಲಿತ್ತು. ವಿನಯನ ಹತ್ತಿರ ಯಾರೂ ಇರಲಿಲ್ಲ.

ನಿಂತವನು ಹಾಗೇ ಕುಸಿದ.

ಕಾಲು ಜಾರಿ ಬೀಳುವವರು ಕೈ ಊರುತ್ತಾರೆ. ಇವನು ಊರಲಿಲ್ಲ. ತಂತಿಯ ಮೇಲಿನ ಬಟ್ಟೆ ಕಳಚಿ ಬಿದ್ದ ಹಾಗೆ ಬಿದ್ದ. ಅವನ ಜೊತೆಯ ಹುಡುಗರು ಓಡಿ ಬಂದು ಸುತ್ತ ನಿಂತರು, ಬೆನ್ನು ನಮ್ಮ ಕಡೆ ಮಾಡಿ. ಅಷ್ಟು ಜನರಿರುವ ಮೈದಾನದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಫೋನು ಕೆಟ್ಟಿತೆಂದುಕೊಂಡು ಲತಾ ವಾಲ್ಯೂಮ್ ಒತ್ತಿದಳು. ಫೋನು ಸರಿಯಾಗೇ ಇತ್ತು.

ಹಾಗೆ ಬೀಳುವುದನ್ನು ನಾನು ಕಣ್ಣಿನಿಂದ ಎಂದೂ ನೋಡಿರಲಿಲ್ಲ. ಆದರೆ ನನಗೆ ಗೊತ್ತಿತ್ತು.

ಅದು ನನ್ನದು.

ನನಗೆ ದೇವರು ಬರುತ್ತಿತ್ತು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಕರಿಯಮ್ಮನ ಗುಡಿಯಲ್ಲಿ ಮಂಗಳಾರತಿಗೆ ಜಾಗಟೆ ಬಡಿದರು, ನಾನು ಬಿದ್ದೆ. ಎಚ್ಚರವಾದಾಗ ಕೈಯಲ್ಲಿ ಬೇವಿನ ಸೊಪ್ಪು, ಹಣೆಯ ತುಂಬ ಅರಿಶಿನ, ಕಾಲಿನ ಹತ್ತಿರ ಹಿರಿಯರ ತಲೆಗಳು. ಆಮೇಲೂ ಹಲವು ಸಲ ಹಾಗಾಯಿತು. ಬಿದ್ದಾಗ ನನ್ನ ತುಟಿ ಅಲ್ಲಾಡುತ್ತಿತ್ತಂತೆ. ಜನ ಕಿವಿಯಿಟ್ಟು ಕೇಳಿ, ಅಮ್ಮ ಹೀಗೆ ಹೇಳಿದಳು ಎನ್ನುತ್ತಿದ್ದರು. ಕಳೆದ ಎತ್ತು, ಕೂಡದ ಸಂಬಂಧ, ಎಲ್ಲಕ್ಕೂ ಉತ್ತರ ಸಿಗುತ್ತಿತ್ತು. ನನಗೆ ಮಾತ್ರ ಒಂದೂ ನೆನಪಿರುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ಮೊದಲು ಸದ್ದೆಲ್ಲ ಬಾವಿಯೊಳಕ್ಕೆ ಇಳಿದುಹೋಗುತ್ತಿತ್ತು. ಆಮೇಲೆ ಯಾರೋ ನನ್ನ ಕಾಲಿನ ಹೆಬ್ಬೆರಳು ಹಿಡಿಯುತ್ತಿದ್ದರು. ಆಗ ಎಚ್ಚರವಾಗುತ್ತಿತ್ತು. ಯಾರು ಹಿಡಿದರೆಂದು ಕೇಳಿದರೆ, ಯಾರೂ ಮುಟ್ಟಲಿಲ್ಲ ಎನ್ನುತ್ತಿದ್ದರು.

ಹೆಬ್ಬೆರಳಿನ ಸಂಗತಿ ಜಾವಗಲ್ಲಿನ ನನ್ನ ತವರಿನದು. ಆ ಮನೆಯಲ್ಲಿ ಮಲಗಿದವರನ್ನು ಕೂಗಿ ಎಬ್ಬಿಸುವ ಹಾಗಿರಲಿಲ್ಲ. ಬಾಗಿಲು ಬಡಿಯಬಾರದು, ಪಾತ್ರೆ ಎತ್ತಿಹಾಕಬಾರದು. ಹತ್ತಿರ ಹೋಗಿ ಕಾಲಿನ ಹೆಬ್ಬೆರಳು ಹಿಡಿದು ಮೆಲ್ಲಗೆ ಅದುಮಬೇಕು. ಕೂಗಿದರೆ ಆ ಕೂಗಿಗೆ ನಮ್ಮ ಮನೆಯ ಸತ್ತವರು ಓಗೊಡುತ್ತಾರೆ, ಮಲಗಿದವರು ಅವರ ಹಿಂದೆ ಎದ್ದುಹೋಗುತ್ತಾರೆ ಎಂದು ನನ್ನವ್ವ ಹೇಳುತ್ತಿದ್ದಳು. ನನ್ನ ತಮ್ಮ ರಂಗ ಹಾಗೇ ಹೋದ. ಪರಸ್ಥಳದಿಂದ ಬಂದ ನೆಂಟರೊಬ್ಬರು ಬೆಳಗ್ಗೆ ತಿಳಿಯದೆ ಬಾಗಿಲು ದಬದಬ ಬಡಿದರು. ಹುಡುಗ ಕಣ್ಣು ಬಿಟ್ಟು ಎದ್ದು ಕೂತ. ಹಾಗೇ ಒರಗಿದ. ಕಣ್ಣು ಬಿಟ್ಟೇ ಇತ್ತು.

ಇದನ್ನೆಲ್ಲ ನಾವು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ದೇವರಿಗೂ ಸತ್ತವರಿಗೂ ಸೇರಿದ್ದು ಡಾಕ್ಟರಿಗೆ ಯಾಕೆ?

ಮೈದಾನದಲ್ಲೇ ಎದೆಗೆ ಕರೆಂಟ್ ಕೊಟ್ಟು ವಿನಯನ ಉಸಿರು ತಂದರಂತೆ. ಐಸಿಯುವಿನಲ್ಲಿದ್ದ. ಮಾರನೇ ದಿನ ಸುಧಾ ವಿಡಿಯೋ ಕಾಲ್ ಮಾಡಿದಾಗ ಅವಳ ಪಕ್ಕ ಕನ್ನಡಕದ ಡಾಕ್ಟರಮ್ಮ ಒಬ್ಬರು ಕೂತಿದ್ದರು. ಕ್ಲಬ್ಬಿನವರು ವರ್ಷ ವರ್ಷ ಹಾರ್ಟ್ ಟೆಸ್ಟ್ ಮಾಡಿಸಿದ್ದರೂ ಏನೂ ಕಂಡಿರಲಿಲ್ಲ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡರಾ, ಯಾರಾದರೂ ಪ್ರಜ್ಞೆ ತಪ್ಪಿ ಬೀಳುತ್ತಾರಾ ಎಂದು ಕೇಳುತ್ತಿದ್ದರು. ಸುಧಾ ತಲೆ ಅಲ್ಲಾಡಿಸಿ ಇಲ್ಲ ಎಂದಳು.

ನಾನು ಲತಾಳ ಕೈಯಿಂದ ಫೋನು ಕಿತ್ತುಕೊಂಡೆ. "ರಂಗನ ವಿಷ್ಯ ಹೇಳೇ ಸುಧಾ. ನಂಗೆ ದೇವ್ರು ಬರೋದೂ ಹೇಳು."

"ಅಮ್ಮ, ಅದನ್ನ ಇವ್ರಿಗೆ ಹೆಂಗಮ್ಮ ಹೇಳ್ಲಿ?"

"ಹೆಂಗಾರ ಹೇಳು. ನಾನು ಬಿದ್ದಂಗೇ ಕಣೇ ಅವ್ನೂ ಬಿದ್ದಿದ್ದು."

ಸುಧಾ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದಳು. ಜಾಗಟೆಗೆ ಮಾತು ಸಿಗದೆ ಕೈಯಲ್ಲೇ ಬಡಿದು ತೋರಿಸಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಫೋನಿನ ಹತ್ತಿರ ಮುಖ ತಂದು ನನ್ನನ್ನೇ ನೋಡಿದರು. ಆಮೇಲೆ ಏನೋ ಅಂದರು.

"ನಿಂಗೂ ಇಸಿಜಿ ತೆಗೆಸ್ಬೇಕಂತೆ ಅಮ್ಮ. ನಾಳೇನೇ."

ಹಾಸನದ ಆಸ್ಪತ್ರೆಯಲ್ಲಿ ಎದೆಗೆಲ್ಲ ತಣ್ಣನೆಯ ಬಿಲ್ಲೆ ಅಂಟಿಸಿದರು. ಹುಡುಗು ಮುಖದ ಡಾಕ್ಟರು ಕಾಗದ ನೋಡಿ, ಮತ್ತೆ ನನ್ನ ಮುಖ ನೋಡಿದರು. ಲಾಂಗ್ ಕ್ಯೂಟಿ ಎಂದರು. ಹೃದಯ ಒಂದು ಸಲ ಬಡಿದು ಮತ್ತೆ ಸಜ್ಜಾಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದಂತೆ. ಆ ಹೊತ್ತಿನಲ್ಲಿ ದೊಡ್ಡ ಸದ್ದಾಗಿ ಬೆಚ್ಚಿದರೆ ಅದು ತಾಳ ತಪ್ಪಿ ನಡುಗಲು ಶುರುವಾಗುತ್ತದಂತೆ. ಕೆಲವರಿಗೆ ತಾನೇ ಸರಿಹೋಗುತ್ತದೆ. ಕೆಲವರಿಗೆ ಆಗುವುದಿಲ್ಲ. ತಾಯಿಯಿಂದ ಮಗಳಿಗೆ, ಮಗಳಿಂದ ಮಗನಿಗೆ ಇಳಿದು ಬರುತ್ತದೆ. ಅಲ್ಲಿ ಟೆಸ್ಟ್ ಮಾಡಿದಾಗ ಸುಧಾಳ ಮೈಯಲ್ಲೂ ಇತ್ತು, ಅವಳು ಒಂದು ದಿನವೂ ಬಿದ್ದವಳಲ್ಲ.

"ಇಷ್ಟು ವರ್ಷ ನೀವು ಬದುಕಿರೋದೇ ಆಶ್ಚರ್ಯ ಅಜ್ಜಿ" ಎಂದರು.

ಊರಿಗೆ ಬರುವ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಹಾಗಾದರೆ ಕರಿಯಮ್ಮ ಬಂದೇ ಇರಲಿಲ್ಲವೇ? ಅಷ್ಟು ಸಲ ನನ್ನನ್ನು ಎತ್ತಿ ಕೂರಿಸಿ ಕೈಮುಗಿದದ್ದು ಸಾಯುತ್ತಿದ್ದ ಹೆಂಗಸಿಗೆ. ಪಕ್ಕದ ಮನೆಯ ನಿಂಗಜ್ಜ ಡಾಕ್ಟರು ಕೊಟ್ಟ ನನ್ನ ಮಾತ್ರೆ ನೋಡಿ, "ಇನ್ನು ನಿನ್ನ ಕೇಳಿ ಪ್ರಯೋಜ್ನಿಲ್ಲ ಬಿಡಮ್ಮಯ್ಯ. ನಮ್ಮಮ್ಮನ ಬಾಯಿಗೇ ಬೀಗ ಹಾಕ್ಬಿಟ್ರು" ಎಂದ. ಆಮೇಲೆ ನಗು ನಿಲ್ಲಿಸಿ ಒಂದು ಮಾತು ನೆನಪಿಸಿದ. ಒಂದು ವರ್ಷ ಬಿದ್ದಾಗ ನಾನು, ಹುಡುಗನ್ನ ಸದ್ದು ಮಾಡಿ ಎಬ್ಬಿಸಬೇಡಿ, ಅವನು ದೂರದಲ್ಲಿ ಹುಲ್ಲಿನ ಮೇಲೆ ಮಲಗಿದ್ದಾನೆ ಅಂದಿದ್ದೆನಂತೆ. ಆಗ ಸುಧಾಳಿಗೆ ಮದುವೆಯೇ ಆಗಿರಲಿಲ್ಲ. ರಂಗನ ನೆನಪಿನಲ್ಲಿ ಅಂದಿರುತ್ತೇನೆ. ಆದರೆ ರಂಗ ಮಲಗಿದ್ದದ್ದು ಚಾಪೆಯ ಮೇಲೆ.

ವಿನಯನ ಭುಜದ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಡಬ್ಬಿ ಕೂರಿಸಿದರು. ಎದೆ ತಾಳ ತಪ್ಪಿದರೆ ಅದೇ ಒಳಗಿನಿಂದ ಕರೆಂಟ್ ಕೊಡುತ್ತದೆ. ಜೀವ ಉಳಿಯಿತು. ಮತ್ತೆ ಆಡಬಹುದೇ ಎಂದರೆ, ನೋಡೋಣ ಎನ್ನುತ್ತಿದ್ದರು. ಹುಡುಗನಿಗೆ ಅದೊಂದೇ ಬೇಕಾಗಿತ್ತು. ಅದೊಂದನ್ನೇ ಅವನು ಕೇಳುತ್ತಿರಲಿಲ್ಲ.

ಓಡಾಡಲು ಡಾಕ್ಟರು ಒಪ್ಪಿದ ಮೇಲೆ ತಾಯಿ ಮಗ ಇಬ್ಬರೂ ಬಂದರು. ಕರೆದುಕೊಂಡು ಬರಲು ನಾನು ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಸೀಟಿ ಹಾಕಿದಾಗ ಮೂವರೂ ಒಟ್ಟಿಗೆ ಎದೆ ಹಿಡಿದುಕೊಂಡೆವು. ಏನೂ ಆಗಲಿಲ್ಲ. ನಾವು ನಕ್ಕದ್ದನ್ನು ಕೇಳಿ ಪ್ಲಾಟ್‌ಫಾರಂ ಜನ ತಿರುಗಿ ನೋಡಿದರು.

ಮನೆಯಲ್ಲಿ ಅವನು ನಡುಮನೆಯ ಚಾಪೆಯ ಮೇಲೆ ಮಲಗುತ್ತಿದ್ದ. ಬೆಳಗ್ಗೆ ನಾನು ಹೋಗಿ ಹೆಬ್ಬೆರಳು ಹಿಡಿದೆ. ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಅಜ್ಜಿ, ನೀವಾ ಅದು?"

"ಯಾವ್ದು ಮಗ?"

"ಗ್ರೌಂಡಲ್ಲಿ ಬಿದ್ದಿದ್ನಲ್ಲ. ಎಲ್ಲ ಸೌಂಡೂ ಕೆಳಗಡೆ ಹೋಯ್ತು. ಆಮೇಲೆ ಯಾರೋ ಹಿಂಗೇ ಹಿಡ್ಕೊಂಡ್ರು. ಇದೇ ಬೆರಳು." ತನ್ನ ಕಾಲು ನೋಡಿಕೊಂಡು ಅಂದ. "ಆದ್ರೆ ಕಾಲಲ್ಲಿ ಬೂಟ್ ಇತ್ತು ಅಜ್ಜಿ."

ಸುಧಾ, ಹಾಸ್ಟೆಲ್ಲಿಗೆ ಹೋಗುವವರೆಗೆ ನಾನೇ ಹಂಗೆ ಎಬ್ಬಿಸ್ತಿದ್ದೆ, ಅದೇ ನೆನಪಿರಬೇಕು ಎಂದಳು. ಇರಬೇಕು. ನಾನು ಅವನ ಕಾಲು ಬಿಡದೆ ಕೂತಿದ್ದೆ. ಬೆನ್ನ ಹಿಂದೆ ಯಾರೋ ನಿಂತ ಹಾಗಿತ್ತು. ಹೆದರಿಕೆಯಾಯಿತು, ಜೊತೆಗೆ ಹೇಳಲಾರದಷ್ಟು ಸಂತೋಷವೂ ಆಯಿತು. ಹಿಡಿದವರು ಯಾರೇ ಇರಲಿ, ನಮ್ಮವರು. ಕರೆದುಕೊಂಡು ಹೋಗಲು ಬಂದವರಲ್ಲ, ಎಬ್ಬಿಸಲು ಬಂದವರು. ನನ್ನವ್ವ ಅದೊಂದನ್ನು ಮಾತ್ರ ತಪ್ಪು ತಿಳಿದುಕೊಂಡಿದ್ದಳೇನೋ.

ಅವರು ಐರ್ಲೆಂಡಿಗೆ ಹಿಂದಕ್ಕೆ ಹೋದ ಮೇಲೆ ಅವನಿಗೆ ಟೆಸ್ಟ್ ಮೇಲೆ ಟೆಸ್ಟ್. ಓಡಿಸಿದರು, ಬೆಚ್ಚಿಬೀಳಿಸಿದರು, ಮಾತ್ರೆ ಬದಲಾಯಿಸಿದರು. ಒಂದು ಹಬ್ಬವೂ ನಮಗೆ ರುಚಿಸಲಿಲ್ಲ. ಕೊನೆಗೆ ಡಾಕ್ಟರಮ್ಮ, ಅಪಾಯ ಪೂರ್ತಿ ಹೋಗಿಲ್ಲ, ಅದನ್ನು ತಿಳಿದು ಆಡುತ್ತೇನೆಂದರೆ ನಾನು ತಡೆಯುವುದಿಲ್ಲ ಅಂದರು. ಅವನು ಆಡುತ್ತೇನೆ ಎಂದ. ಸುಧಾ ಅತ್ತಳು. ನಾನು ಊರಿಗೆಲ್ಲ ಸಕ್ಕರೆ ಹಂಚಿದೆ. ಕರಿಯಮ್ಮನ ಗುಡಿಗೂ ಹೋದೆ. ನಾನು ಬರುತ್ತೇನೆಂದು ಪೂಜಾರಿ ಜಾಗಟೆ ಕೆಳಗಿಟ್ಟ. ಸದ್ದಿಲ್ಲದ ಆರತಿಯಲ್ಲಿ ಅಮ್ಮನ ಕಣ್ಣು ಮೊದಲಿಗಿಂತ ಹತ್ತಿರ ಕಂಡವು.

ಮೊನ್ನೆ ಅವನು ಮತ್ತೆ ಮೈದಾನಕ್ಕಿಳಿದ. ಲತಾ ಸದ್ದು ಪೂರ್ತಿ ತೆಗೆದು ಮೊಬೈಲನ್ನು ಚೊಂಬಿಗೆ ಒರಗಿಸಿದಳು. ರೆಫರಿಯ ಕೆನ್ನೆ ಉಬ್ಬುತ್ತಿತ್ತು, ಸೀಟಿ ಕೇಳುತ್ತಿರಲಿಲ್ಲ. ಸಾವಿರಾರು ಬಾಯಿ ತೆರೆದುಕೊಳ್ಳುತ್ತಿದ್ದವು, ಕೂಗಿರಲಿಲ್ಲ. ಆ ಮೌನದೊಳಗೆ ನನ್ನ ವಿನಯ ಎಡಗಡೆ ಅಂಚಿನಲ್ಲಿ ಓಡುತ್ತಿದ್ದ. ಅವನ ಕಾಲು ದೊಡ್ಡದಾಗಿ ಕಂಡಾಗ ತಡೆಯಲಾಗದೆ ಗಾಜಿನ ಮೇಲೆ ಹೆಬ್ಬೆರಳಿನ ಜಾಗ ಮುಟ್ಟಿದೆ.

ಅವನು ನಿಂತುಬಿಟ್ಟ. ಒಂದು ಕಾಲು ಗಾಳಿಯಲ್ಲಿ, ಕಣ್ಣು ಬಿಟ್ಟೇ ಇತ್ತು. ಮೈದಾನವೆಲ್ಲ ಕಲ್ಲಾಯಿತು. ನನ್ನ ಎದೆಯೂ.

"ಅಯ್ಯೋ ಅತ್ತೆ, ಮುಟ್ಟಿದ್ರೆ ನಿಂತೋಯ್ತದೆ. ಇನ್ನೊಂದ್ಸಲ ಮುಟ್ಟಿ, ಓಡ್ತಾನೆ."

ಮುಟ್ಟಿದೆ.

ಓಡಿದ.