ನನ್ನ ಜೊತೆ ಊರಿಗೆ ಬಂದ ಮೇಲಿನ ಮನೆಯ ಆಂಟಿ

ಕೆಲಸದ ಹೊತ್ತಿನಲ್ಲಿ ಮೇಲಿನ ಮನೆಯ ಆಂಟಿಯ ಬಳೆಗಳು ಮೊಣಕೈಯ ಹತ್ತಿರ ಏರಿ, ಒಂದು ರಬ್ಬರ್ ಬ್ಯಾಂಡಿನೊಳಗೆ ಸದ್ದಿಲ್ಲದೆ ಕುಳಿತಿರುತ್ತಿದ್ದವು. ಸಂಜೆ, ಗಲ್ಫಿನಲ್ಲಿ ನಾವಿದ್ದ ವಾದಿ ಅದಾಯ್‌ನ ಬೋಳುಗುಡ್ಡಗಳು ಗುಲಾಬಿ ಬಣ್ಣಕ್ಕೆ ತಿರುಗುವಾಗ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ, "ನೋಡು, ಗುಡ್ಡ ಈಗ ಉಸಿರು ಬಿಡ್ತದೆ," ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಯ ನಲ್ಲಿಯನ್ನು ಬಿಗಿ ಮಾಡುವರು. ಕೂರುವುದು ಆಮೇಲೆ.

ದೊಡ್ಡ ಸ್ಕ್ಯಾನ್ ಮುಗಿಯಲಿ ಎಂದು ನಮ್ಮ ಮೊದಲ ಮಗುವಿನ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ನೋಡಿದರೆ ಮಗುವಿಗೆ ತಲೆಬುರುಡೆಯೇ ಬೆಳೆದಿರಲಿಲ್ಲ. ಹುಟ್ಟಿದರೂ ಉಳಿಯುವುದಿಲ್ಲ ಎಂದರು ಡಾಕ್ಟರಮ್ಮ. "ನಿಮ್ಮ ಜೀವಕ್ಕೆ ಅಪಾಯ ಇಲ್ಲ. ಹಾಗಾಗಿ ಇಲ್ಲಿ ತೆಗೆಯಲು ಕಾನೂನು ಬಿಡುವುದಿಲ್ಲ. ನಿಮ್ಮ ದೇಶಕ್ಕೆ ಹೋಗಿ," ಎಂದು ನನ್ನ ಕೈ ಹಿಡಿದುಕೊಂಡರು. ಯಜಮಾನರಿಗೆ ಕೆಲಸ ಕೊಟ್ಟ ಕಫೀಲ್ ರಜೆ ಕೊಡಲಿಲ್ಲ. ನನಗೆ ತಾಯಿ ಇಲ್ಲ. ಅತ್ತೆಗೆ ಹೇಳುವ ಧೈರ್ಯವಿರಲಿಲ್ಲ. ಆಂಟಿಯ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

ಅವರು ಒಲೆ ಆರಿಸಿದರು. "ಯಲ್ಲಾ, ಹೊರಡುವ. ನಾನೂ ಬರ್ತೇನೆ. ನನಗೆ ಹಲ್ಲು ತೋರಿಸ್ಲಿಕ್ಕೆ ಉಂಟು ಅಂತ ಹೇಳುವ."

ಊರಿಗೆ ಯಾರೇ ಹೊರಟರೂ ಕಟ್ಟಡದವರೆಲ್ಲ ಪೊಟ್ಟಣ ತಂದುಕೊಡುವುದು ನಮ್ಮಲ್ಲಿ ರೂಢಿ: ಖರ್ಜೂರ, ಹಾಲಿನ ಪುಡಿ, ನೋವಿನ ಎಣ್ಣೆ. ಬೇಡ ಎಂದರೆ ಸಂಶಯ. ಎದುರು ಮನೆಯಾಕೆ ತಂಗಿಯ ಬಾಣಂತನಕ್ಕೆಂದು ಸಣ್ಣ ಸಣ್ಣ ಫ್ರಾಕುಗಳನ್ನು ನನ್ನ ಮಡಿಲಿಗೇ ಹಾಕಿದಳು. "ಎಷ್ಟು ಚಂದ ಉಂಟಲ್ಲ!" ನನ್ನ ಕೈ ಏಳಲಿಲ್ಲ.

ಆಂಟಿ ಅವನ್ನು ಎಳೆದುಕೊಂಡರು. "ಇಲ್ಲಿ ಕೊಡು ಮಾರಾಯ್ತಿ. ಇವಳ ಬ್ಯಾಗ್ ಖಲಾಸ್, ಜಾಗ ಇಲ್ಲ. ನನ್ನದರಲ್ಲಿ ಎರಡು ಸೀರೆ, ಒಂದು ಹಾಳು ಹಲ್ಲು, ಅಷ್ಟೇ."

ಎಲ್ಲರೂ ನಕ್ಕರು. ಯಾರೂ ನನ್ನ ಮುಖ ನೋಡಲಿಲ್ಲ.

ಮಂಗಳೂರಿನ ಆಸ್ಪತ್ರೆಯ ಆ ಮಧ್ಯಾಹ್ನ ನನಗೆ ನೀರಿನೊಳಗಿನಿಂದ ಕಂಡಂತೆ ನೆನಪು. ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ನರ್ಸ್ ಬಟ್ಟೆಯಲ್ಲಿ ಸುತ್ತಿದ್ದನ್ನು ಆಂಟಿಯ ಕೈಗೆ ಕೊಟ್ಟಳು. ಅವರು ಮಗುವಿನ ಮುಖ ಮುಚ್ಚಿಯೇ, ಪಾದ ಮಾತ್ರ ನನಗೆ ತೋರಿಸಿದರು. "ಬೆರಳು ನಿನ್ನದೇ." ಮತ್ತೆ ಬೆಳಕಿನ ಕಡೆ ತಿರುಗಿ ಕೂತು, ಮೆಲ್ಲಗೆ ತೂಗುತ್ತಾ, ಕೊಂಕಣಿಯಲ್ಲಿ ಏನೋ ಗುನುಗಿದರು. ಅವಸರವೇ ಇರಲಿಲ್ಲ ಅವರಿಗೆ.

"ಆಂಟಿ, ನಾನು ಪಾಪ ಮಾಡಿದೆನಾ?" ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತ ನನಗೆ ಕೇಳದೆ ಇರಲಾಗಲಿಲ್ಲ.

"ಅದನ್ನು ದೇವರ ಹತ್ತಿರ ನಾನು ಮಾತಾಡ್ತೇನೆ. ನೀನು ಗಂಜಿ ಕುಡಿ."

ಅಂಕಲ್ ನಿವೃತ್ತರಾದ ಮೇಲೆ ಅವರಿಬ್ಬರೂ ಉಡುಪಿಗೆ ಮರಳಿದರು. ಕಳೆದ ವರ್ಷ ಆಂಟಿ ಮಲಗಿದಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಕಟ್ಟಡದವರೆಲ್ಲ ನಮ್ಮ ಮನೆಯಲ್ಲಿ ಸೇರಿ ಜಪಸರ ಹೇಳಿದೆವು. ಪ್ರಾರ್ಥನೆ ಮುಗಿದರೂ ನನ್ನ ಅಳು ನಿಲ್ಲಲಿಲ್ಲ. ಎದುರು ಮನೆಯಾಕೆ ಬೆನ್ನು ಸವರುತ್ತಾ ಕೇಳಿದಳು, "ಅವರು ನಿಮಗೆ ಏನಾಗ್ಬೇಕು?"

ಯಜಮಾನರು ತಲೆ ಎತ್ತಿ ನನ್ನನ್ನೇ ನೋಡಿದರು.

"ನನ್ನ ಮೊದಲ ಮಗುವಿಗೆ ಅಜ್ಜಿ," ಎಂದೆ.