ಹುಗ್ಗಿ ಕಹಿಯಾದ ದಿನ

ಇಂಥಾ ಮಾತು ಯಾರರೆ ಹೇಳಾಕ ಕುಂತ್ರ ಮೊದಲು ಎದ್ದು ಹೋಗಾಕಿ ನಾನೇ. ಕನಸಿನಾಗ ಬಂದಿತ್ತು, ಕಣ್ಣು ಹಾರಿತ್ತು, ಹಲ್ಲಿ ನುಡೀತು ಅನ್ನೋರನ್ನ ನೋಡಿದ್ರ ನನಗ ನಗಿ ಬರತಿತ್ತು. "ಕೈತುಂಬ ಕೆಲಸ ಇದ್ದಾಕಿಗೆ ಇಂಥಾವೆಲ್ಲ ಎಲ್ಲಿ ಬರತಾವವ್ವ" ಅಂತ ಎದುರಿಗೇ ಅಂದುಬಿಡತಿದ್ದೆ. ಈಗ ನಾನೇ ಹೇಳಾಕ ಕುಂತೀನಿ. ನೀವು ನಕ್ಕರೂ ನನಗ ಸಿಟ್ಟಿಲ್ಲ. ಆದ್ರ ಪೂರ್ತಿ ಕೇಳಿ ನಗ್ರಿ, ಯಾಕಂದ್ರ ಇದರಾಗ ಒಂದು ಕೂಸಿನ ಜೀವದ ಮಾತದ.

ನಾ ಅಡಗಿ ಮಾಡಾಕಿ. ಮನಿ ಹುಮನಾಬಾದದಾಗ. ಲಗ್ನ, ಕುಬುಸ, ತೊಟ್ಟಿಲು, ಯಾರ ಮನ್ಯಾಗ ಏನಿದ್ರೂ ಕರೀತಾರ. ಕಲ್ಯಾಣ, ನಾರಾಯಣಪುರ, ನಿರ್ಣಾ, ಸುತ್ತಿನ ಊರಾಗೆಲ್ಲಾ ಒಲಿ ಹಚ್ಚೀನಿ. ಗಂಡ ಹೋದ ಮ್ಯಾಲ ನಮ್ಮ ಸಂಸಾರ ಎಳದದ್ದು ನನ್ನ ಈ ನಾಲಿಗಿ. ಬ್ಯಾಳಿ ಯಾವ ಹೊಲದ್ದು ಅಂತ ಹೇಳಾಕ ಬರಂಗಿಲ್ಲ ಖರೆ, ಸಾರಿನಾಗ ಉಪ್ಪು ಒಂದು ಚಿಟಿಕಿ ಹೆಚ್ಚಾದ್ರ ಮಾತ್ರ ಒಂದು ಹನಿ ನಾಲಿಗಿಗೆ ಹತ್ತಿದ್ರ ಸಾಕು, ಹೇಳತೀನಿ. ನನ್ನ ನಾಲಿಗಿ ನನಗ ಎಂದೂ ಸುಳ್ಳು ಹೇಳಿದ್ದಿಲ್ಲ. ಅದಕ್ಕ ಆ ದಿನ ನೆನಪಾದ್ರ ಇವತ್ತಿಗೂ ಮೈ ಝುಂ ಅಂತದ.

ಮೊದಲು ನಮ್ಮ ಮನಿ ರೀತಿ ಹೇಳತೀನಿ. ನಮ್ಮತ್ತಿ ಇದ್ದಾರ, ವಯಸ್ಸಾಗ್ಯದ, ಸಕ್ಕರಿ ಕಾಯಿಲೆ. ದಿನಾ ಮುಂಜಾನೆ ಜಳಕ ಮಾಡಿ, ಇಬತ್ತಿ ಹಚ್ಚಿಕೊಂಡು, ಲಿಂಗಪೂಜಿ ಮಾಡಿಕೊಳ್ಳದ ಅವರು ಹನಿ ನೀರು ಮುಟ್ಟಂಗಿಲ್ಲ. ಪೂಜಿ ಮುಗದ ಮ್ಯಾಲ ಸಕ್ಕರಿ ಕಾಯಿಲೆದೊಂದು ಗುಳಿಗಿ. ಅವರ ಕೈಬಟ್ಟು ಸೊಟ್ಟ ಆಗ್ಯಾವ, ಆ ಪಾಕೀಟು ಒಡದು ಗುಳಿಗಿ ತಗಿಯಾಕ ಬರಂಗಿಲ್ಲ. ಅದಕ್ಕ ನನ್ನ ಮಗ ಸೋಮವಾರಕ್ಕೊಮ್ಮೆ ವಾರದ ಗುಳಿಗಿ ಎಲ್ಲಾ ಬಿಡಿಸಿ ದೇವರ ಜಗಲಿ ಮ್ಯಾಲಿನ ಹಿತ್ತಾಳಿ ಬಟ್ಟಲದಾಗ ಹಾಕಿ ಹೋಗತಿದ್ದ. ಅದೇ ಬಟ್ಟಲದಾಗ ಕಲ್ಲುಸಕ್ಕರಿನೂ ಇರತಿತ್ತು, ಬಾಜೂಕ ಇಬತ್ತಿ ಉಂಡಿ. ಗುಳಿಗಿಗೆಲ್ಲ ಇಬತ್ತಿ ಹತ್ತಿರತಿತ್ತು. ನಮ್ಮತ್ತಿ ಗುಳಿಗಿನ ಎರಡೂ ಕೈಲೆ ಕಣ್ಣಿಗೆ ಒತ್ತಿಕೊಂಡು, "ಇದೂ ಪ್ರಸಾದನ. ಪ್ರಸಾದ ಅಂತ ತಗೊಂಡ್ರನ ಮೈಗೆ ಹತ್ತತದ" ಅಂತ ಬಾಯಾಗ ಹಾಕ್ಕೊಳ್ಳೋರು. ಬೀದರ ಕಡೆ ನಮ್ಮಂಥ ಮನ್ಯಾಗ ಇದೇನು ಹೊಸಾದಲ್ಲ. ಔಷಧಕ್ಕ ಕೈ ಮುಗಿಯೋದು ಛೊಲೋ ಸಂಸ್ಕಾರ ಅಂತನ ನಾವೆಲ್ಲಾ ತಿಳಕೊಂಡಿದ್ದಿವಿ.

ಅವರ ಮಗ್ಗಲದಾಗ ದಿನಾ ಕೈ ಒಡ್ಡಿ ಕುಂದ್ರಾಕಿ ನನ್ನ ಮೊಮ್ಮಗಳು ಸಾನ್ವಿ. ಆಗ ಆಕಿಗೆ ಮೂರು ತುಂಬಿರಲಿಲ್ಲ. ನಮ್ಮತ್ತಿಗೆ ಆ ಹೆಸರು ಅನ್ನಾಕ ನಾಲಿಗಿ ಹೊಳ್ಳಂಗಿಲ್ಲ, "ಸಾನವ್ವ" ಅಂತಾರ; ಆಕಿ ಅವರಿಗೆ "ದೊಡ್ಡಾಯಿ" ಅಂತಾಳ. ತಾವು ಗುಳಿಗಿ ನುಂಗಿದ ಮ್ಯಾಲ ಅದೇ ಬಟ್ಟಲದಿಂದ ಆಕಿಗೆ ಕಲ್ಲುಸಕ್ಕರಿ. "ಪ್ರಸಾದ ಒಬ್ಬಾಕಿನೇ ತಿನ್ನಬಾರದು ಸಾನವ್ವ, ಹಂಚಿ ತಿನ್ನಬೇಕು" ಅಂತ ಕಲಿಸಿದ್ದರು. ಕೂಸು ಪಾಪ, ಹೇಳಿದಂಗ ಮಾಡತಿತ್ತು. ಅವ್ವಗ, ಅಪ್ಪಗ, ನನಗ, ಕಡೀಕ ಬಾಗಲದಾಗ ಬಿದ್ದ ನಾಯಿಗೂ ಒಂದೊಂದು ಚೂರು. ನಾ ಒಲಿ ಮುಂದ ಇದ್ರ ಸೀರಿ ಜಗ್ಗಿ, "ಆಯಿ, ಆ ಮಾಡು" ಅಂತಿತ್ತು. ನಾ ಬಗ್ಗಿ ಬಾಯಿ ತೆಗೀಬೇಕು. ಅದರ ಕೈಯಾಗ ಕರಗಿದ ಸಕ್ಕರಿ, ಅದಕ್ಕ ಹತ್ತಿದ ಇಬತ್ತಿ, ಆ ರುಚಿ ನನಗ ಬಾಯಿಪಾಠ ಆಗಿತ್ತು.

ಅವತ್ತು ಬೇಸ್ತವಾರ. ಕಲ್ಯಾಣದಾಗ ಒಂದು ಬಸುರಿ ಹೆಣ್ಣಿನ ಕುಬುಸದ ಅಡಗಿ ಇತ್ತು. ನಾ ಮೊದಲನೇ ಬಸ್ಸಿಗೆ ಹೊಂಟೆ. ಸಾನ್ವಿ ಇನ್ನೂ ಮಲಗಿದ್ದಳು, ಎಬ್ಬಿಸಲಿಲ್ಲ. ಅವತ್ತು ಆಕಿ ಕೈಯಿಂದ ಪ್ರಸಾದ ತಿನ್ನದ ಬಂದೆ.

ಹೊತ್ತು ನೆತ್ತಿ ಮ್ಯಾಲ ಬರೋದರಾಗ ಗೋಧಿ ಹುಗ್ಗಿ ತಯಾರಾಯ್ತು. ಬೆಲ್ಲ, ಗಸಗಸಿ, ಒಣಕೊಬ್ಬರಿ, ಯಾವುದಕ್ಕೂ ಕೈ ಹಿಡದಿರಲಿಲ್ಲ. ನೈವೇದ್ಯ ತೆಗೆದಿಟ್ಟ ಮ್ಯಾಲ ಒಂದೀಟು ಅಂಗೈ ಮ್ಯಾಲ ಹಾಕ್ಕೊಂಡು ರುಚಿ ನೋಡಿದೆ. ಮೊದಲು ಸಿಹಿ ಬಂತು. ಆಮ್ಯಾಲ ಕಹಿ. ಅಯ್ಯ ಶಿವನ, ಎಂಥಾ ಕಹಿ ಅಂತೀರಿ! ಅಷ್ಟು ಮಂದಿ ಊಟಕ್ಕ ಕುಂದ್ರೋ ಹೊತ್ತು, ಇಡೀ ಕಡಾಯಿ ಕೆಟ್ಟದ ಅಂದ್ರ ನನ್ನ ಗತಿ ಏನು?

ನನ್ನ ಜೋಡಿ ಅಡಗಿ ಮಾಡೋ ಕಾಶಮ್ಮನ ಕರದು, "ನೋಡವ್ವ, ಏನಾಗ್ಯದ" ಅಂದೆ. ಆಕಿ ಚಮಚಾ ತುಂಬ ತಿಂದಳು, ಮತ್ತೊಂದು ಚಮಚಾ ತಿಂದಳು. "ಅಮೃತ ಆಗ್ಯದ. ಹುಗ್ಗಿ ಛಂದದ, ನಿಮ್ಮ ನಾಲಿಗಿನೇ ಕೆಟ್ಟದ ನೋಡ್ರಿ" ಅಂತ ನಕ್ಕಳು. ನಾ ಹಿಂದಕ್ಕ ನೀರಿನ ಟಾಕಿ ಕಡೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದೆ. ಬರೇ ಬೆಲ್ಲ ಬಾಯಾಗ ಇಟ್ಟುಕೊಂಡೆ, ಕಹಿ. ನೀರು ಕುಡದೆ, ನೀರೂ ಕಹಿ. ಮತ್ತೊಮ್ಮೆ ಉಗುಳಿದೆ.

ಅಲ್ಲೇ ನಿಂತು ಯೋಚನಿ ಮಾಡಿದೆ. ಕಹಿಯೊಳಗೂ ಜಾತಿ ಇರತಾವ. ಬೇವಿನದು ಬ್ಯಾರೆ, ಹಾಗಲಕಾಯಿದು ಬ್ಯಾರೆ, ಹೊತ್ತಿದ ಮೆಂತೆದು ಬ್ಯಾರೆ. ಇದು ಯಾವುದೂ ಅಲ್ಲ. ಜ್ವರ ಬಂದಾಗ ಗುಳಿಗಿ ಗಂಟಲಾಗ ಇಳೀದ ನಾಲಿಗಿ ಮ್ಯಾಲೇ ಕರಗತದಲ್ಲ, ಆ ಕಹಿ. ಅದರ ಜೋಡಿ ಇನ್ನೊಂದು ರುಚಿ ಇತ್ತು, ಸುಣ್ಣದಂಗ ಸಪ್ಪಗ. ಅದು ಇಬತ್ತಿ. ಇಬತ್ತಿ ಹತ್ತಿದ ಗುಳಿಗಿ ಈ ಭೂಮಿ ಮ್ಯಾಲ ನನಗ ಗೊತ್ತಿದ್ದದ್ದು ಒಂದೇ ಕಡೆ.

ಸೊಸಿ ಸುನೀತಾಗ ಫೋನ್ ಹಚ್ಚಿದೆ. "ಸಾನ್ವಿ ಎಲ್ಲಿದ್ದಾಳ?" ಅಂದೆ.

"ಮಲಗ್ಯಾಳ್ರಿ ಅತ್ತಿ. ಇವತ್ತು ಯಾಕೋ ಹಠಾನೂ ಮಾಡಲಿಲ್ಲ, ಊಟಾನೂ ಮಾಡಲಿಲ್ಲ, ಜಗಲಿ ಮುಂದ ಆಡಕೋತ ಆಡಕೋತ ಮಲಗಿಬಿಟ್ಟಳು."

"ಎಬ್ಬಸು."

"ಈಗ ಮಲಗ್ಯಾಳ್ರಿ..."

"ಎಬ್ಬಸು ಅಂದ್ರ ಎಬ್ಬಸು!" ಅಂತ ಚೀರಿದೆ. ಆ ಸೊಸಿಗೆ ನಾ ಅಲ್ಲೀತನಕ ಧ್ವನಿ ಏರಿಸಿ ಮಾತಾಡಿದ್ದಿಲ್ಲ. ಆಕಿ ಹೋದಳು. "ಸಾನ್ವಿ, ಏ ಸಾನ್ವಿ" ಅನ್ನೋದು ಕೇಳಿಸ್ತು. ಆಮ್ಯಾಲ ಆಕಿ ಧ್ವನಿನೇ ಬದಲಾಯ್ತು. "ಅತ್ತಿ, ಮೈಯೆಲ್ಲಾ ಬೆವತದ, ತಣ್ಣಗ ಆಗ್ಯಾಳ, ಕಣ್ಣು ತೆಗೀವಲ್ಲಳು!" ಜಗಲಿ ಬಟ್ಟಲ ನೋಡು ಅಂದೆ. ಕಲ್ಲುಸಕ್ಕರಿ ಇತ್ತು, ಗುಳಿಗಿ ಒಂದೂ ಇರಲಿಲ್ಲ.

ಮುಂದಿನದು ಸುನೀತಾನ ಹೇಳಿದ್ದು. ಆಕಿ ಅಳೋದು ಕೇಳಿ ಬಾಜೂ ಮನಿ ಹೆಣ್ಣುಮಗಳು ಉಪ್ಪಿನ ನೀರು ತಂದು, ಕುಡಿಸು, ವಾಂತಿ ಆಗಲಿ ಅಂದಳಂತ. ಪಾಪ, ಆಕಿದೂ ಜೀವ ಉಳಿಸೋ ಕಾಳಜಿನೇ. ಆದ್ರ ಸುನೀತಾ ಕಾಯಲಿಲ್ಲ, ಕೂಸನ್ನ ಎತ್ತಿಕೊಂಡು, ಗುಳಿಗಿ ಪಾಕೀಟು ಹಿಡಕೊಂಡು, ಆಟೋ ಹತ್ತಿ ದವಾಖಾನಿಗೆ ಓಡಿದಳು. ಎಚ್ಚರ ಇಲ್ಲದ ಕೂಸಿನ ಬಾಯಾಗ ನೀರು ಹಾಕಿದ್ರ ಅದು ಉಸಿರಿನ ದಾರಿಗೆ ಹೋಗತಿತ್ತು, ನೀವು ಮಾಡಿದ್ದು ಛೊಲೋ ಆಯ್ತು ಅಂತ ಡಾಕ್ಟರ್ ಆಮ್ಯಾಲ ಹೇಳಿದರು.

ನಾ ಸೌಟು ಕಾಶಮ್ಮನ ಕೈಗೆ ಕೊಟ್ಟು ಸಿಕ್ಕ ಬಸ್ಸು ಹತ್ತಿದೆ. ದಾರಿ ತುಂಬ ಆ ಕಹಿ ನನ್ನ ಬಾಯಾಗ ಇತ್ತು. ಹುಮನಾಬಾದ ಇನ್ನೇನು ಬಂತು ಅನ್ನೋದರಾಗ, ಬಾಟಲಿ ನೀರು ಒಂದು ಗುಟುಕು ಕುಡದೆ, ನೀರು ನೀರಿನಂಗನ ಇತ್ತು. ಕಹಿ ಹೋಗಿತ್ತು. ಖುಷಿ ಆಗಬೇಕಿತ್ತಲ್ಲ? ಕೂಸು ಹೋಯ್ತೇನೋ, ಅದಕ್ಕ ಹಿಂಗಾಯ್ತೇನೋ ಅಂತ ಬಸ್ಸಿನಾಗ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಬಾಜೂಕ ಕುಂತ ಹೆಣ್ಣುಮಗಳು ಏನಾಯ್ತು ಅಂತ ಕೇಳಿದ್ರ ಏನು ಹೇಳಲಿ? ನನ್ನ ಬಾಯಿ ಕಹಿ ಹೋಯ್ತು ಅಂತ ಅಳಾಕತ್ತೀನಿ ಅನ್ನಲೇನು?

ದವಾಖಾನ್ಯಾಗ ಸಾನ್ವಿ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಚ್ಚಿದ್ದರು. ಕಣ್ಣು ತೆಗೆದಿದ್ದಳು. "ಈಗ ಎಚ್ಚರಾದಳ್ರಿ, ಒಂದೀಟು ಹೊತ್ತಾತು" ಅಂದಳು ಸುನೀತಾ. ನಾ ಅಲ್ಲೇ ನೆಲದ ಮ್ಯಾಲ ಕುಂತೆ.

ಡಾಕ್ಟರ್ ವಯಸ್ಸಿನಾಗ ಸಣ್ಣವರು, ಸಮಾಧಾನದ ಮನುಷ್ಯಾ. ಬೈಲಿಲ್ಲ. "ಅಮ್ಮಾ, ಇದು ದೊಡ್ಡವರ ಸಕ್ಕರಿ ಇಳಿಸೋ ಗುಳಿಗಿ. ಇಷ್ಟು ಸಣ್ಣ ಕೂಸಿಗೆ ಒಂದೇ ಸಾಕ್ರಿ. ಮಲಗ್ಯದ ಅಂತ ನೀವು ಸಂಜೀತನಕ ಬಿಟ್ಟಿದ್ರ ನಾವೂ ಏನೂ ಮಾಡಾಕ ಆಗತಿರಲಿಲ್ಲ" ಅಂದರು. ಎಷ್ಟು ತಿಂದಾಳ ಅಂತ ಕೇಳಿದರು. ಸೋಮವಾರ ತುಂಬಿಸಿದ್ದರಾಗ ಮೂರು ಉಳೀಬೇಕಾಗಿತ್ತು. ಒಂದು ಆಕಿ ಮುಷ್ಟಿಯೊಳಗ ಬೆವರಿಗೆ ಅಂಟಿಕೊಂಡು ಸಿಕ್ಕಿತ್ತು. ಹಂಗಾದ್ರ ಎರಡು ತಿಂದಾಳ ಅಂತನ ಹಿಡದು ಔಷಧ ಮಾಡಿದರು. ಸಕ್ಕರಿ ಮತ್ತ ಇಳಿಯೋದು ಅದ ಅಂತ ಮರುದಿನದ ತನಕ ಅಲ್ಲೇ ಇಟಗೊಂಡರು.

ನಮ್ಮತ್ತಿನ ನೋಡಾಕ ಆಗತಿರಲಿಲ್ಲ. ದವಾಖಾನಿ ಬೆಂಚಿನ ಮ್ಯಾಲ ಕುಂತು ತಮ್ಮ ಕೈ ತಾವೇ ನೋಡಿಕೋತ, "ಈ ಕೈಲೆ ಕಲಿಸಿದೆ, ಈ ಕೈಲೆ ಕಲಿಸಿದೆ" ಅಂತಿದ್ದರು. ನೀರು ಸುದ್ದಾ ಒಲ್ಲೆ ಅಂದರು. ನಾ ಅವರ ಕೈ ಹಿಡದು, "ನೀವು ಕಲಿಸಿದ್ದು ಹಂಚಿ ತಿನ್ನೋದು, ಅದರಾಗ ಏನು ತಪ್ಪು? ಬಟ್ಟಲ ಒಂದೇ ಆಗಿದ್ದು ತಪ್ಪು. ಅದನ್ನ ಮನಿಮಂದಿ ಎಲ್ಲಾ ದಿನಾ ನೋಡಿದ್ದಿವಿ" ಅಂದೆ. ಅವರಿಗೆ ಆವಾಗ ಅಳು ಬಂತು. ಅತ್ತ ಮ್ಯಾಲ ನೀರು ಕುಡದರು.

ಈಗ ನಮ್ಮ ಮನ್ಯಾಗ ಗುಳಿಗಿ ಪಾಕೀಟಿನೊಳಗೇ ಇರತಾವ, ಪಾಕೀಟು ಅಲಮಾರಿ ಮ್ಯಾಲಿನ ಡಬ್ಬಿಯೊಳಗ, ಡಬ್ಬಿಗೆ ಕೀಲಿ. ದಿನಾ ಸುನೀತಾ ಒಂದು ಬಿಡಿಸಿ ನಮ್ಮತ್ತಿ ಕೈಗೆ ಕೊಟ್ಟು, ನುಂಗೋತನಕ ಅಲ್ಲೇ ನಿಂದರತಾಳ. ಯಾರೂ ಅದಕ್ಕ ಪ್ರಸಾದ ಅನ್ನಂಗಿಲ್ಲ, ಪೆಪ್ಪರಮೆಂಟ್ ಅನ್ನಂಗಿಲ್ಲ. ಗುಳಿಗಿಗೆ ಗುಳಿಗಿ ಅಂತನ ಅನ್ನಬೇಕು. ನಿಮ್ಮ ಮನ್ಯಾಗೂ ಹಂಗ ಮಾಡ್ರಿ, ಕೈ ಮುಗದು ಹೇಳತೀನಿ.

ಇಷ್ಟಾಗಿದ್ರ ನಾ ಇದನ್ನ ಹೆಂಗರೆ ಮಾಡಿ ಮರೀತಿದ್ದೆ. ಒಲಿ ಮುಂದಿನ ಝಳಕ್ಕ ಪಿತ್ತ ಏರಿತ್ತು, ಬಾಯಿ ಕಹಿ ಆಗಿತ್ತು, ಅದೃಷ್ಟಕ್ಕ ಫೋನ್ ಮಾಡಿದೆ ಅಂತ ನನಗ ನಾನೇ ಹೇಳಿಕೊಂಡಿದ್ದೆ. ನಾಲಿಗಿ ಮಾತು ನಾಚಿಕಿಗೆ ಯಾರ ಮುಂದೂ ಆಡಲಿಲ್ಲ. ಸಾನ್ವಿ ಎಲ್ಲಿದ್ದಾಳ ಅಂತ ಕೇಳಿದ್ದು ಯಾಕ ಅಂತ ಸುನೀತಾ ಕೇಳಿದಾಗ, "ಸುಮ್ಮ ಜೀವ ತಡೀಲಿಲ್ಲವ್ವ" ಅಂದಿದ್ದೆ.

ಮನಿಗೆ ಬಂದ ಮ್ಯಾಲ ಒಂದು ಮುಂಜಾನೆ ನಾ ರೊಟ್ಟಿ ಬಡಿಯಾಕತ್ತಿದ್ದೆ. ಸಾನ್ವಿ ಬಂದು ಸೀರಿ ಜಗ್ಗಿ, "ಆಯಿ, ಆ ಮಾಡು" ಅಂದಳು. ಬಾಯಿ ತೆಗೆದೆ. ಕಲ್ಲುಸಕ್ಕರಿ ಚೂರು ಹಾಕಿದಳು, ಸಿಹಿ ಇತ್ತು. ಆಕಿನ ಅಪ್ಪಿಕೊಂಡು ಮೆಲ್ಲಕ, "ಅವತ್ತು ದೊಡ್ಡಾಯಿ ಗುಳಿಗಿ ಎಷ್ಟು ತಿಂದಿ ಬಂಗಾರ?" ಅಂತ ಕೇಳಿದೆ.

"ಒಂದು" ಅಂದಳು. "ಒಂದು ಅವ್ವಗ ಇಟ್ಟಿದ್ದೆ."

"ಇನ್ನೊಂದು?"

"ನಿನಗ ಕೊಟ್ಟೆನಲ್ಲ."

ನಾ ಕಲ್ಯಾಣದಾಗ ಇದ್ದೆನವ್ವ ಅಂದೆ. ಆಕಿ ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. ಮುಖ ಗಂಟು ಹಾಕಿ, ನಮ್ಮತ್ತಿ ಹೇಳೋ ಹಂಗ ಬಟ್ಟು ಎತ್ತಿ ಅಂದಳು:

"ನೀ ಉಗುಳಿಬಿಟ್ಟಿ. ಪ್ರಸಾದ ಉಗುಳಬಾರದು ಆಯಿ."